ವಸಾಹತು ವಿರೋಧಿ ಹೋರಾಟದಲ್ಲಿ ಫುಟ್‌ಬಾಲ್

ಬ್ರಿಟಿಷ್ ಪಲಟಣಗಳ ಜೊತೆ ಭಾರತಕ್ಕೆ ಬಂದ ಫುಟ್‌ಬಾಲ್, ದೇಶೀಯರ ಕಾಲಿಗೆ ಸಿಕ್ಕಮೇಲೆ ಆಳುವವರನ್ನು ಎಲ್ಲರೆದುರು ಸೋಲಿಸುವ ದಾರಿಯೂ ಆಯಿತು. 1911ರ ಜುಲೈ 29ರಂದು ಕಲ್ಕತ್ತದ ಐ.ಎಫ್.ಎ. ಶೀಲ್ಡ್ ಫೈನಲಿನಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಮಣಿಸಿತು. ಗೆದ್ದ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ. ವಂಗಭಂಗದ ಸಿಟ್ಟು ಇನ್ನೂ ಆರಿರದ ಊರಿಗೆ ಅದು ಬರೀ ಆಟದ ಗೆಲುವಾಗಿರಲಿಲ್ಲ. ಆಲ್ಜೀರಿಯನ್ನರು ಇನ್ನೊಂದು ಹೆಜ್ಜೆ ಮುಂದೆ ಹೋದರು: 1958ರ ಏಪ್ರಿಲಿನಲ್ಲಿ ರಶೀದ್ ಮೆಖ್ಲೂಫಿ ಮುಂತಾದ ಆಟಗಾರರು ಫ್ರಾನ್ಸಿನ ಕ್ಲಬ್ಬುಗಳನ್ನು ಗುಟ್ಟಾಗಿ ತೊರೆದು ಟ್ಯೂನಿಸ್ ಸೇರಿ, ವಿಮೋಚನಾ ರಂಗದ ತಂಡ ಕಟ್ಟಿದರು. ಫಿಫಾ ಅದಕ್ಕೆ ಮಾನ್ಯತೆ ಕೊಡಲಿಲ್ಲ.

ಕನ್ನಡ ನಾಡಿನಲ್ಲಿ ಈ ಆಟ ಬೇರೂರಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಗಿದ್ದರೂ ಅದನ್ನು ಗೆದ್ದ ಮೊದಲ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಬಿಳಿಯರ ಪಲಟಣವನ್ನೇ ಸೋಲಿಸಿ ಕಪ್ ಉಳಿಸಿಕೊಂಡಿತು. ಇದನ್ನು ಚಳವಳಿ ಎಂದರೆ ಉತ್ಪ್ರೇಕ್ಷೆಯಾದೀತು. ಪಲಟಣಗಳ ಸೊತ್ತಾಗಿದ್ದ ಕಪ್ ಊರಿನ ಹುಡುಗರ ಕೈಸೇರಿತು ಎಂಬುದಂತೂ ನಿಜ.

ಹೈದರಾಬಾದಿನ ಕಥೆಯೇ ಬೇರೆ. ಅಲ್ಲಿ ಸಿಂಹಾಸನದ ಮೇಲಿದ್ದವನು ನಿಜಾಮ, ಬ್ರಿಟಿಷರ ದಂಡು ಇದ್ದದ್ದು ಪಕ್ಕದ ಸಿಕಂದರಾಬಾದಿನಲ್ಲಿ. ಅಲ್ಲಿ ಫುಟ್‌ಬಾಲ್ ಹೋರಾಟದ ಬಾವುಟವಾಗಲಿಲ್ಲ. ಅದರ ಫಲ ಕಂಡದ್ದು ಸ್ವಾತಂತ್ರ್ಯಾನಂತರ, ಒಬ್ಬ ಮೇಷ್ಟರಿಂದ. ಕಾಚಿಗೂಡದ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಸೈಯದ್ ಅಬ್ದುಲ್ ರಹೀಮ್ (1909–63) ಮುಂದೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹಾಗೂ ಭಾರತ ತಂಡದ ತರಬೇತುದಾರರಾದರು. ಚೆಂಡನ್ನು ಒಬ್ಬನೇ ಕಾಲಲ್ಲಿಟ್ಟುಕೊಂಡು ಓಡುವಂತಿಲ್ಲ ಎಂಬ ಷರತ್ತಿನ ಪಂದ್ಯಾವಳಿ ಅವರದೇ ಉಪಾಯ. ಪಾಸ್ ಮಾಡದೆ ಗತ್ಯಂತರವಿಲ್ಲ. ಬಲಗಾಲಿನವರು ಎಡಗಾಲಲ್ಲೇ ಒದೆಯಬೇಕಾದ ಪಂದ್ಯಾವಳಿಯನ್ನೂ ನಡೆಸಿದರು. ಪಲಟಣಗಳಿಂದ ಕಲಿತ ಆಟವನ್ನು ಅವರು ಹೀಗೆ ಹೊಸದಾಗಿ ಕಲಿಸಿದರು.

ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ರಹೀಮರ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ದಕ್ಕಿದ ನಾಲ್ಕನೆಯ ಸ್ಥಾನವನ್ನು ಭಾರತದ ಫುಟ್‌ಬಾಲ್ ತಂಡ ಇವತ್ತಿಗೂ ಮೀರಿಲ್ಲ.