ಲೆಕ್ಕಕ್ಕೆ ಸಿಗದ ಮಕ್ಕಳು

ಜೀವನ್ ಬಿಮಾ ನಗರದ ನಮ್ಮ ಮನೆಯಿಂದ ಮಗಳ ಡೇಕೇರ್‌ಗೆ ಒಬ್ಬನೇ ನಡೆದರೆ ಏಳು ನಿಮಿಷ. ಎರಡು ವರ್ಷದ ಅವಳ ಜೊತೆ ನಡೆದರೆ ಇಪ್ಪತ್ತೈದು. ದಾರಿಯಲ್ಲಿ ಸಿಗುವ ನಾಯಿಗೆಲ್ಲ ಟಾಟಾ ಮಾಡಬೇಕು, ಹೂವಿನ ಗಾಡಿ ಮುಂದೆ ನಿಲ್ಲಬೇಕು, ಒಂದು ಕಲ್ಲು ಹೆಕ್ಕಿ ಜೇಬಿಗೆ ಹಾಕಬೇಕು. ಗೇಟು ಕಂಡ ಕೂಡಲೇ ನನ್ನ ಪ್ಯಾಂಟು ಹಿಡ್ಕೊಂಡು ಅಳು ಶುರು. ಒಳಗಿಂದ ಅಕ್ಕ ಬಂದು ಎತ್ತಿಕೊಂಡು, "ನೀವು ಹೊರಡಿ ಸರ್, ತಿರುಗಿ ನೋಡಬೇಡಿ" ಅಂತಾರೆ. ನಾನು ದಿನಾ ತಿರುಗಿ ನೋಡ್ತೀನಿ.

ನನ್ನ ಆಫೀಸಿನಲ್ಲೂ ಡೇಕೇರ್ ಸೌಲಭ್ಯ ಇದೆ. ಮಗಳನ್ನು ಸೇರಿಸೋಣ ಅಂತ ಎಚ್‌ಆರ್‌ಗೆ ಮೇಲ್ ಹಾಕಿದಾಗ ಒಂದೇ ಸಾಲಿನ ಉತ್ತರ ಬಂತು: ಇದು ಮಹಿಳಾ ಉದ್ಯೋಗಿಗಳಿಗೆ ಮಾತ್ರ. ಹೆಂಡತಿಯ ಆಫೀಸಿನಲ್ಲಿ ಇರೋದೇ ಇಪ್ಪತ್ತೆರಡು ಜನ, ಅಲ್ಲಿ ಕೊಡಲೇಬೇಕೆಂಬ ನಿಯಮ ಇಲ್ಲ. ಅಮ್ಮನ ಕಡೆ ತಲೆ ಸಾಲದು, ಅಪ್ಪನ ಕಡೆ ತಲೆ ಸರಿಯಿಲ್ಲ. ಈ ಲೆಕ್ಕ ಹಾಕಿದವರು ಯಾರು ಅಂತ ಹುಡುಕಲು ಕೂತೆ. ಹುಡುಕಾಟ ನೂರು ವರ್ಷ ಹಿಂದಕ್ಕೆ ಹೋಯಿತು.

ಬ್ರಿಟಿಷರ ಕಾಲದಲ್ಲಿ ವಿಟ್ಲಿ ಎಂಬಾತನ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಸ್ಥಿತಿಗತಿ ಅಧ್ಯಯನಕ್ಕೆ ಒಂದು ರಾಯಲ್ ಕಮಿಷನ್ ನೇಮಕವಾಗಿ, 1931ರಲ್ಲಿ ವರದಿ ಕೊಟ್ಟಿತು. ಆ ದಿನಗಳಲ್ಲಿ ಬೊಂಬಾಯಿಯ ಹತ್ತಿ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸು ಅಳದೆ ಮಲಗಿರಲಿ ಅಂತ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಓದಿದಾಗ ಎದೆ ಝಲ್ಲೆಂದಿತು. ಎಂಥ ತಾಯಂದಿರಪ್ಪ ಅಂತ ಒಂದು ಕ್ಷಣ ಅನ್ನಿಸಿದ್ದೂ ನಿಜ. ಆಮೇಲೆ ನೆನಪಾಯಿತು, ಹಿಂದಿನ ದಿನ ಕ್ಲೈಂಟ್ ಕಾಲ್ ಇದ್ದಾಗ ಮಗಳ ಕೈಗೆ ಫೋನ್ ಕೊಟ್ಟು ಒಂದೂವರೆ ಗಂಟೆ ಕೂರಿಸಿದವನು ನಾನೇ. ಫೋನು ಅಫೀಮಲ್ಲ. ಆದರೆ ಕೆಲಸ ಬಿಡೋ ಹಾಗಿಲ್ಲ, ಮಗು ಅಳೋ ಹಾಗಿಲ್ಲ ಎಂಬ ಇಕ್ಕಟ್ಟು ಎರಡೂ ಕಡೆ ಒಂದೇ.

ಗಿರಣಿಗಳಲ್ಲಿ ಶಿಶುಪಾಲನಾ ಕೇಂದ್ರ ಬೇಕು ಎಂದು ಆಯೋಗ ಹೇಳಿತು. 1934ರ ಕಾರ್ಖಾನೆ ಕಾಯ್ದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಮಕ್ಕಳಿಗೊಂದು ಕೋಣೆ ಇಡಿಸುವ ನಿಯಮ ಮಾಡಲು ಪ್ರಾಂತೀಯ ಸರ್ಕಾರಗಳಿಗೆ ಅವಕಾಶ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿತು. ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿರುವ ಕೋಣೆ, ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸು. ಹಾಲು ಅಥವಾ ತಿಂಡಿ ಪುಕ್ಕಟೆ ಕೊಡಿಸುವ ನಿಯಮವನ್ನೂ ರಾಜ್ಯ ಸರ್ಕಾರ ಮಾಡಬಹುದಿತ್ತು. 1976ರಲ್ಲಿ ಐವತ್ತು ಹೋಗಿ ಮೂವತ್ತಾಯಿತು. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಮಕ್ಕಳ ಕೋಣೆ ಬಂದದ್ದು ಈ ಸೆಕ್ಷನ್ನಿನ ದೆಸೆಯಿಂದ.

ಒಳ್ಳೆಯ ಕಾನೂನೇ. ಆದರೆ ಅದು ಎಣಿಸಿದ್ದು ಹೆಂಗಸರನ್ನು ಮಾತ್ರ. ಮುನ್ನೂರು ಗಂಡಸರು, ಇಪ್ಪತ್ತೈದು ಹೆಂಗಸರು ದುಡಿಯುವ ಕಾರ್ಖಾನೆಗೆ ಆ ಕಾನೂನಿನ ಪ್ರಕಾರ ಮಕ್ಕಳೇ ಇರಲಿಲ್ಲ. ಮೂವತ್ತು ಹೆಂಗಸರಿರುವ ಮಾಲೀಕನಿಗೆ ಮೂವತ್ತೊಂದನೆಯವಳು ಬಂದರೆ ಅವಳ ಸಂಬಳದ ಜೊತೆ ಒಂದು ಕೋಣೆಯ ಖರ್ಚೂ ಬರುತ್ತಿತ್ತು. ಅವಳನ್ನು ಸೇರಿಸಿಕೊಳ್ಳದಿರಲು ಕಾನೂನೇ ಒಂದು ಕಾರಣ ಕೊಟ್ಟಂತಾಯಿತು.

ಹೆರಿಗೆ ರಜೆಯ ಕಥೆಯೂ ಹೀಗೇ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನದಲ್ಲೇ ಹೆರಿಗೆ ಕುರಿತು ಒಂದು ಒಪ್ಪಂದ ಆಯಿತು. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಆರು ವಾರ. ಮರಳಿ ಬಂದ ತಾಯಿಗೆ ಹಾಲೂಡಿಸಲು ದಿನಕ್ಕೆ ಎರಡು ಸಲ ಅರ್ಧ ಗಂಟೆ ಬಿಡುವು. ರಜೆಯ ದುಡ್ಡು ಯಾರು ಕೊಡಬೇಕು? ಸರ್ಕಾರದ ಬೊಕ್ಕಸ ಕೊಡಬೇಕು ಅಥವಾ ವಿಮೆಯಿಂದ ಬರಬೇಕು ಎಂದು ಆ ಒಪ್ಪಂದದಲ್ಲೇ ಬರೆದಿದ್ದರು. ನಮ್ಮಲ್ಲಿ ಅದಕ್ಕೆ ಅನುಮೋದನೆ ಸಿಗಲಿಲ್ಲ. 1929ರ ಬೊಂಬಾಯಿ ಕಾಯ್ದೆ ಖರ್ಚನ್ನು ಮಾಲೀಕನ ಮೇಲೆ ಹಾಕಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯೂ ಹಾಗೇ ಮಾಡಿತು.

ವಿಮೆ ಅಂದಾಗ ನಮ್ಮ ಏರಿಯಾ ನೆನಪಾಗದೆ ಇರುತ್ತಾ? ಜೀವನ್ ಬಿಮಾ ನಗರ ಅನ್ನೋ ಹೆಸರು ಬಂದದ್ದೇ ಈ ಬಡಾವಣೆ ಕಟ್ಟಿದ ಜೀವ ವಿಮಾ ನಿಗಮದಿಂದ, ಅಂದರೆ ಎಲ್‌ಐಸಿಯಿಂದ. 1956ರಲ್ಲಿ 245 ವಿಮಾ ಕಂಪನಿ ಮತ್ತು ಸೊಸೈಟಿಗಳನ್ನು ಒಟ್ಟುಗೂಡಿಸಿ ಹುಟ್ಟಿದ ನಿಗಮ ಅದು. ಅದರ ಹಿಂದಿನ ತತ್ವ ಎಲ್ಲರಿಗೂ ಗೊತ್ತು: ಕಷ್ಟ ಯಾರ ಮನೆಗೆ ಬರುತ್ತೋ ತಿಳಿಯದು, ಆದ್ದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿಡೋಣ. ಸಾವಿಗೆ ಹೀಗೆ ಹಂಚಿಕೊಳ್ಳಲು ಒಪ್ಪಿದ ನಾವು ಹುಟ್ಟಿಗೆ ಯಾಕೆ ಒಪ್ಪಲಿಲ್ಲ?

ಪೂರ್ತಿ ಒಪ್ಪಲೇ ಇಲ್ಲ ಅಂತಲ್ಲ. 1948ರ ಇಎಸ್‌ಐ ಕಾಯ್ದೆ ಮಾಡಿದ್ದು ಇದನ್ನೇ. ಎಲ್ಲ ಕಾರ್ಮಿಕರು, ಎಲ್ಲ ಮಾಲೀಕರು ಒಂದೇ ನಿಧಿಗೆ ದುಡ್ಡು ಹಾಕುತ್ತಾರೆ, ಹೆರಿಗೆ ಭತ್ಯೆ ಅದರಿಂದ ಹೋಗುತ್ತದೆ. ಆದರೆ ತಿಂಗಳಿಗೆ 21,000 ರೂಪಾಯಿ ಸಂಬಳದ ಗೆರೆ ದಾಟಿದವರು ಅದರಾಚೆ. ಅಂದರೆ ನಾವು, ಈ ಪುಸ್ತಕ ಓದುತ್ತಿರುವ ಬಹುಪಾಲು ಜನ. ನಮ್ಮ ಆಫೀಸುಗಳಲ್ಲಿ ರಜೆಯ ಪೂರ್ತಿ ಸಂಬಳ ಆ ಒಂದು ಕಂಪನಿಯ ಜೇಬಿನಿಂದಲೇ ಹೋಗಬೇಕು. "ಮದುವೆ ಆಗಿದೆಯಾ? ಮಕ್ಕಳ ಪ್ಲಾನ್ ಇದೆಯಾ?" ಎಂದು ಹೆಂಡತಿಯನ್ನು ಒಂದು ಸಂದರ್ಶನದಲ್ಲಿ ಕೇಳಿದ್ದರು. ಅದೇ ವಾರ ನಾನೂ ಒಂದು ಸಂದರ್ಶನಕ್ಕೆ ಹೋಗಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

2017ರಲ್ಲಿ ಹೆರಿಗೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ 26 ವಾರ ರಜೆ. ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಡ್ಡಾಯ. ಗಮನಿಸಿ, ಇಲ್ಲಿ 'ಉದ್ಯೋಗಿಗಳು' ಎಂದಿದೆ. ಆ ಐವತ್ತರಲ್ಲಿ ನನ್ನ ತಲೆಯೂ ಸೇರಿತು! ಖುಷಿಯಿಂದ ಮುಂದಿನ ಸಾಲು ಓದಿದೆ. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು, ಯಾರನ್ನು? 'ಮಹಿಳೆಯನ್ನು'. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಆ ಸಾಲು ಹಾಗೇ ದಾಟಿಕೊಂಡಿತು. ಎಣಿಸುವಾಗ ಅಪ್ಪ ಬೇಕು, ಮಗುವಿಗೆ ಮೂಗು ಒರೆಸುವಾಗ ಬೇಡ. ನನ್ನ ಎಚ್‌ಆರ್‌ನವರು ಬರೆದ ಒಂದು ಸಾಲಿನ ಬೇರು ಎಲ್ಲಿದೆ ಅಂತ ಆವತ್ತು ಗೊತ್ತಾಯಿತು.

ನಾನು ಓದಿದ ಕಾನೂನುಗಳಲ್ಲಿ ಮಕ್ಕಳನ್ನೇ ಎಣಿಸಿದ್ದು ಒಂದೇ ಒಂದು. ಅದು ಕಾರ್ಖಾನೆಯದ್ದೂ ಅಲ್ಲ, ಐಟಿ ಪಾರ್ಕಿನದ್ದೂ ಅಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ. ಕೆರೆ ಹೂಳೆತ್ತುವ ಜಾಗಕ್ಕೆ ಹೆಂಗಸರ ಜೊತೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಅದರಲ್ಲಿ ಬರೆದರು. ಮಗು ನೋಡಿಕೊಳ್ಳುವುದೂ ಮಣ್ಣು ಹೊರುವಷ್ಟೇ ಕೆಲಸ ಅಂತ ಒಪ್ಪಿದ ಮಾತದು. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುತ್ತೇವೆ ಎಂದಾಗಲೂ ಮನಸ್ಸಿನಲ್ಲಿದ್ದದ್ದು ಇದೇ ಕೂಲಿ ತಾಯಂದಿರ ಮಕ್ಕಳು.

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಜೆ ಡೇಕೇರ್ ಅಕ್ಕನ ಹತ್ತಿರ ಮಾತಿಗೆ ನಿಂತೆ. ಎಂಟು ತಿಂಗಳಲ್ಲಿ ಅದೇ ಮೊದಲು. ಅವರು ಮಾಲೂರು ಕಡೆಯವರು. ಬೆಳಗಿನ ಟ್ರೈನಿನಲ್ಲಿ ಕೆ.ಆರ್. ಪುರಕ್ಕೆ ಬಂದು, ಅಲ್ಲಿಂದ ಬಸ್ಸು. ಅವರಿಗೂ ಎರಡೂವರೆ ವರ್ಷದ ಮಗ, ಊರಲ್ಲಿ ಅಜ್ಜಿ ನೋಡ್ಕೋತಾರೆ. ಡೇಕೇರಿನಲ್ಲಿ ಕೆಲಸಕ್ಕಿರುವುದು ನಾಲ್ಕು ಜನ, ಆದ್ದರಿಂದ ಅಲ್ಲಿ ಯಾವ ಐವತ್ತು ಮೂವತ್ತರ ಲೆಕ್ಕವೂ ಇಲ್ಲ. ಹನ್ನೆರಡು ಮಕ್ಕಳನ್ನು ದಿನವಿಡೀ ಎತ್ತಿ ಆಡಿಸುವವರ ಮಗು ಮಾತ್ರ ಯಾರ ಲೆಕ್ಕದಲ್ಲೂ ಬರಲ್ಲ.

"ನೀವು ಲೇಟಾಗಿ ಬಂದ ದಿನ ಟ್ರೈನ್ ತಪ್ಪುತ್ತೆ ಸರ್. ಮನೆಗೆ ಹೋಗೋಷ್ಟರಲ್ಲಿ ಅವನು ಮಲಗಿರ್ತಾನೆ," ಅಂದರು. ದೂರಿನ ಧ್ವನಿ ಇರಲಿಲ್ಲ. ಸಿಲ್ಕ್ ಬೋರ್ಡು, ದೊಮ್ಮಲೂರು ಫ್ಲೈಓವರ್ ಅಂತ ನಾನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ 'ಸಾರಿ, ಟ್ರಾಫಿಕ್'ಗಳೆಲ್ಲ ಒಟ್ಟಿಗೆ ನೆನಪಾದವು.

ಕಾನೂನು ಬದಲಾಗುವಾಗ ಆಗಲಿ. ನಾನೀಗ ಆಫೀಸ್ ಕ್ಯಾಲೆಂಡರಿನಲ್ಲಿ ಸಂಜೆ ಐದೂವರೆಯ ಮೇಲೆ ಬ್ಲಾಕ್ ಮಾಡಿದ್ದೇನೆ. ಮೊದಲು ಅದಕ್ಕೆ 'ಮೀಟಿಂಗ್' ಅಂತ ಹೆಸರಿಟ್ಟಿದ್ದೆ. ಹೋದ ತಿಂಗಳು ಬದಲಿಸಿದೆ. ಈಗ ಅಲ್ಲಿ 'ಮಗಳನ್ನು ಕರ್ಕೊಂಡು ಬರೋದು' ಅಂತಿದೆ. ಟೀಮಿನಲ್ಲಿ ಇನ್ನೂ ಇಬ್ಬರು ಅಪ್ಪಂದಿರು ಅದನ್ನು ನೋಡಿ ತಮ್ಮ ಕ್ಯಾಲೆಂಡರಿಗೂ ಹಾಕ್ಕೊಂಡಿದ್ದಾರೆ.