ನರದ ಗಾಯಕ್ಕೆ ಕೋಶದ ‘ಕಸ’

ಕೈಕಾಲಿನ ನರ ತುಂಡಾದರೆ ಗಾಯದಿಂದಾಚೆಗಿನ ಎಳೆಗಳು ಸಾಯುತ್ತವೆ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಗೆ ಹೋಗುವ ನರಗಳನ್ನು ಕತ್ತರಿಸಿ ಇದನ್ನು ತೋರಿಸಿದರು. ಮಿದುಳು, ಬೆನ್ನುಹುರಿಗಳಿಗೆ ಇಲ್ಲದ ಒಂದು ಅನುಕೂಲ ಈ ಹೊರನರಗಳಿಗಿದೆ: ಉಳಿದ ಮೊಂಡು ತುದಿಯಿಂದ ಎಳೆ ಮತ್ತೆ ಚಿಗುರುತ್ತದೆ. ಸತ್ತ ಭಾಗವನ್ನು ಗುಡಿಸಿ, ಹೊಸ ಚಿಗುರಿಗೆ ದಾರಿ ಮಾಡಿಕೊಡುವುದು ನರಕ್ಕೆ ಸುತ್ತಿಕೊಂಡಿರುವ ಶ್ವಾನ್ ಕೋಶಗಳು. (ಹೆಸರು ಜರ್ಮನಿಯ ಥಿಯೋಡರ್ ಶ್ವಾನ್ ಅವರದು; ನಾಯಿಗೂ ಇದಕ್ಕೂ ನಂಟಿಲ್ಲ.) ಆದರೆ ಚಿಗುರು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಭುಜದಲ್ಲಿ ಕಡಿದ ನರ ಬೆರಳು ಮುಟ್ಟುವಷ್ಟರಲ್ಲಿ ವರ್ಷವೇ ಕಳೆದು, ಶ್ವಾನ್ ಕೋಶಗಳ ಹುರುಪು ಇಳಿದು, ಸ್ನಾಯು ಸೊರಗಿರುತ್ತದೆ.

ಅಂತರ ಹೆಚ್ಚಿದ್ದಾಗ ಕಾಲಿನ ಮೀನಖಂಡದ ಒಂದು ನರವನ್ನು ತೆಗೆದು ಕಸಿ ಮಾಡುವುದು ಶಸ್ತ್ರವೈದ್ಯರ ರೂಢಿ. ಪಾದದ ಅಂಚಿನ ಜೋಮು ಅದಕ್ಕೆ ತೆರುವ ಬೆಲೆ. ಶ್ವಾನ್ ಕೋಶಗಳನ್ನೇ ಬೆಳೆಸಿ ಇಡೋಣವೆಂದರೆ, ಅವುಗಳಿಗಾಗಿಯೂ ಒಂದು ಒಳ್ಳೆಯ ನರವನ್ನು ಕಡಿಯಬೇಕು. ಹೀಗಾಗಿ ಗಮನ ಸ್ಟೆಮ್ ಸೆಲ್ ಎಂದೇ ಪರಿಚಿತವಾದ ಆಕರಕೋಶಗಳತ್ತ ಹೊರಳಿತು. 2001ರಲ್ಲಿ ಜಪಾನಿನ ಮರಿ ದೆಜಾವಾ ಮತ್ತು ಸಂಗಡಿಗರು ಇಲಿಯ ಮೂಳೆಮಜ್ಜೆಯ ಕೋಶಗಳಿಗೆ ಶ್ವಾನ್ ಕೋಶದ ಗುಣ ಬರಿಸಿ, ತೊಡೆಯ ಸಯಾಟಿಕ್ ನರದ ಗಾಯಕ್ಕೆ ಸೇರಿಸಿದರು, ನರ ಚಿಗುರಿತು. ಆಮೇಲಿನ ಇಂಥ ಪ್ರಯೋಗಗಳಲ್ಲಿ ಒಂದು ಸಂಗತಿ ಮತ್ತೆಮತ್ತೆ ಕಾಣಿಸಿತು. ನೆಟ್ಟ ಕೋಶಗಳಲ್ಲಿ ಬದುಕುಳಿದವು ಕೆಲವೇ. ಆದರೂ ಗುಣ ಸಿಗುತ್ತಿತ್ತು. ಕೋಶಕ್ಕಿಂತ ಅದು ಹೊರಬಿಡುವ ವಸ್ತುವೇ ಕೆಲಸ ಮಾಡುತ್ತಿರಬೇಕು ಎಂಬ ಗುಮಾನಿ ಬಲವಾಯಿತು.

ಆ ವಸ್ತುವಿನ ಕಥೆ ಶುರುವಾದದ್ದು ನರದಿಂದ ಬಹುದೂರದಲ್ಲಿ, ರಕ್ತದಲ್ಲಿ. ಎಳೆಯ ಕೆಂಪು ರಕ್ತಕಣ ಬಲಿಯುವಾಗ ತನಗೆ ಬೇಡವಾದ ಕಬ್ಬಿಣಗ್ರಾಹಿ ಪ್ರೋಟೀನನ್ನು ಪುಟ್ಟ ಗುಳ್ಳೆಗಳಲ್ಲಿ ಕಟ್ಟಿ ಹೊರಹಾಕುವುದನ್ನು 1983ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ವರದಿ ಮಾಡಿದವು: ಮಾಂಟ್ರಿಯಲ್‌ನಲ್ಲಿ ಕುರಿಯ ರಕ್ತದೊಂದಿಗೆ ರೋಸ್ ಜಾನ್‌ಸ್ಟೋನ್, ಸೇಂಟ್ ಲೂಯಿಸ್‌ನಲ್ಲಿ ಇಲಿಯ ರಕ್ತದೊಂದಿಗೆ ಫಿಲಿಪ್ ಸ್ಟಾಲ್ ಅವರ ತಂಡ. ಎಕ್ಸೋಸೋಮ್ ಎಂಬ ಹೆಸರನ್ನು ಇವುಗಳಿಗೆ 1987ರಲ್ಲಿ ಕೊಟ್ಟದ್ದು ಜಾನ್‌ಸ್ಟೋನ್ ಬಳಗ. ಗಾತ್ರ 30ರಿಂದ 150 ನ್ಯಾನೋಮೀಟರ್. ಕೋಶದ ಕಸವೆಂದೇ ಬಹುಕಾಲ ಕಡೆಗಣಿಸಲಾಗಿದ್ದ ಈ ಗುಳ್ಳೆಗಳಲ್ಲಿ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶಕ್ಕೆ ದಾಟಿ ಅಲ್ಲಿ ಪ್ರೋಟೀನ್ ತಯಾರಿಸಬಲ್ಲದು ಎಂದು 2007ರಲ್ಲಿ ಸ್ವೀಡನ್ನಿನ ಹದಿ ವಲಾದಿ ಮತ್ತು ಯಾನ್ ಲೊಟ್ವಾಲ್ ತಂಡ ತೋರಿಸಿತು. ಕಸ ಓಲೆಯಾಯಿತು.

ಆಕರಕೋಶದ ಎಕ್ಸೋಸೋಮನ್ನು ಮೊದಲು ಪರೀಕ್ಷಿಸಿದ್ದು ನರದ ಮೇಲಲ್ಲ. 2010ರಲ್ಲಿ ಸಿಂಗಪುರದ ಸಂಶೋಧಕರು ಇಲಿಯ ಹೃದಯಾಘಾತದ ಹಾನಿ ತಗ್ಗಿದ್ದನ್ನು ವರದಿ ಮಾಡಿದ್ದರು. ಹೊರನರದ ಮಟ್ಟಿಗೆ ಬಾಗಿಲು ತೆರೆದದ್ದು 2013ರಲ್ಲಿ, ಚಿಲಿಯ ಫೆಲಿಪೆ ಕೋರ್ಟ್ ತಂಡ. ಶ್ವಾನ್ ಕೋಶದ ಎಕ್ಸೋಸೋಮುಗಳನ್ನು ನರದೆಳೆ ಒಳಗೆಳೆದುಕೊಂಡು ಬೇಗ ಬೆಳೆಯುತ್ತದೆ ಎಂಬುದು ಅವರ ಶೋಧ. ಹಾಗಿದ್ದರೆ ಆ ಗುಳ್ಳೆಗಳನ್ನು ಸುಲಭವಾಗಿ ಸಿಗುವ ಆಕರಕೋಶಗಳಿಂದ ಪಡೆಯಬಾರದೇಕೆ? 2018ರಲ್ಲಿ ಸ್ವೀಡನ್ನಿನ ಉಮಿಯೋದಲ್ಲಿ, ಶ್ವಾನ್ ಕೋಶದಂತೆ ಮಾರ್ಪಡಿಸಿದ ಕೊಬ್ಬಿನ ಆಕರಕೋಶಗಳ ಎಕ್ಸೋಸೋಮುಗಳು ಗಾಜಿನ ತಟ್ಟೆಯಲ್ಲಿ ನರದೆಳೆಗಳನ್ನು ಉದ್ದವಾಗಿಸಿದವು. 2019ರ ಹೊತ್ತಿಗೆ ಇಲಿಯ ಸಯಾಟಿಕ್ ನರದ ಮೇಲೂ ವರದಿಗಳು ಬಂದವು. ಚೀನಾದಲ್ಲಿ ಒಸಡಿನ ಆಕರಕೋಶಗಳ ಎಕ್ಸೋಸೋಮನ್ನು, ಕಡಿದ ನರದ ತುದಿಗಳನ್ನು ಬೆಸೆಯುವ ಕೈಟಿನ್ ಕೊಳವೆಯೊಂದಿಗೆ ಬಳಸಿ ನೋಡಲಾಯಿತು.

ಈ ಆರಂಭಿಕ ಫಲಿತಾಂಶಗಳನ್ನು ಓದುವಾಗ ಕೊಂಚ ಜಾಗ್ರತೆ ಬೇಕು. ಹಲವು ಪ್ರಯೋಗಗಳಲ್ಲಿ ನರವನ್ನು ಕತ್ತರಿಸಿರಲಿಲ್ಲ, ಇಕ್ಕಳದಿಂದ ಜಜ್ಜಲಾಗಿತ್ತು. ಜಜ್ಜಿದ ನರ ಇಲಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಬಹುಪಾಲು ಸರಿಹೋಗುತ್ತದೆ. ಅಲ್ಲಿ ಅಳೆದದ್ದು ಗುಣವಾಗುವ ವೇಗವನ್ನೇ ಹೊರತು ಗುಣವಾಗದ ನರ ಗುಣವಾದದ್ದನ್ನಲ್ಲ. ಹೆಸರೂ ಸಡಿಲ. ಗುಳ್ಳೆ ಕೋಶದೊಳಗೆ ಎಲ್ಲಿ ಹುಟ್ಟಿತೆಂದು ರುಜುವಾತಾಗದಿದ್ದರೆ ಎಕ್ಸೋಸೋಮ್ ಎನ್ನದೆ ಕೋಶಬಾಹ್ಯ ಗುಳ್ಳೆ ಎನ್ನಿ ಎಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2018ರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿತು. ಪ್ರಯೋಗಾಲಯ ಹೀಗೆ ಪದ ತೂಗುತ್ತಿರುವಾಗಲೇ ಅಮೆರಿಕದ ಕೆಲವು ಕ್ಲಿನಿಕ್ಕುಗಳಲ್ಲಿ ಎಕ್ಸೋಸೋಮ್ ಮಾರಾಟ ಸಾಗಿತ್ತು. ನೆಬ್ರಾಸ್ಕಾದಲ್ಲಿ ರೋಗಿಗಳಿಗೆ ಗಂಭೀರ ತೊಂದರೆಗಳಾದ ಮೇಲೆ, ಅನುಮೋದನೆ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ಆ ದೇಶದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು.