ಮರದ ತಿರುಳಿನ ಗಂಜಿ

ಬೆಳಗಿನ ಗಂಜಿಗೆ ಅಕ್ಕಿಯೇ ಆಗಬೇಕೆಂದಿಲ್ಲ, ರಾಗಿಯೂ ಬೇಕಿಲ್ಲ. ಜೋಯಿಡಾ ತಾಲ್ಲೂಕಿನ ಕಾಡಿನಲ್ಲಿರುವ ಕುಣಬಿ ಸಮುದಾಯದವರ ಒಲೆಯ ಮೇಲೆ ಹಿಂದೆ ಮರದ ಗಂಜಿ ಕುದಿಯುತ್ತಿತ್ತು. ಆ ಮರ ಬೈನೆ. ಮೀನಿನ ಬಾಲದಂಥ ಎಲೆ, ಜಡೆ ಬಿಚ್ಚಿದಂತೆ ಇಳಿಬಿದ್ದ ಹೂಗೊನೆ. ಕೊಂಕಣಿಯಲ್ಲಿ ಇದು ಭಿರ್ಲಿ ಮಾಡ್. ಮಾವುತನಿಗೆ ಇದು ಆನೆ ಮೇವು, ಸೇಂದಿ ಇಳಿಸುವವನಿಗೆ ಹೆಂಡದ ಮರ. ಕುಣಬಿಗಳಿಗೆ ಮಾತ್ರ ನಿಂತಲ್ಲೇ ತುಂಬಿಕೊಂಡ ಕಣಜ.

ಇದು ಒಂದು ತಾಲ್ಲೂಕಿಗಷ್ಟೇ ಸೇರಿದ ಸಂಗತಿಯೂ ಅಲ್ಲ. ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಇನ್ನೂರು ವರ್ಷಗಳ ಹಿಂದೆಯೇ ಬೈನೆಯ ತಿರುಳಿನ ಬಗ್ಗೆ ಬರೆದಿಟ್ಟಿದ್ದಾನೆ. ಜನ ಅದರಿಂದ ರೊಟ್ಟಿ ತಟ್ಟುತ್ತಾರೆ, ದಪ್ಪ ಗಂಜಿ ಕಾಯಿಸುತ್ತಾರೆ, ಈ ಮರ ಇರುವಷ್ಟು ದಿನ ಬರಗಾಲದಲ್ಲೂ ಅವರಿಗೆ ಹೆಚ್ಚು ಕಷ್ಟವಿಲ್ಲ ಎಂಬುದು ಅವನ ಮಾತಿನ ಸಾರ. ಶ್ರೀಲಂಕಾದಲ್ಲಿ ಇದೇ ಮರ ಕಿತುಲ್. ಅದರ ಹಿಟ್ಟಿನ ಗಂಜಿಗೆ ತೆಂಗಿನ ಹಾಲು ಬೆರೆಸಿ ಇವತ್ತಿಗೂ ಕುಡಿಯುತ್ತಾರೆ.

ಮರ ಕಡಿದ ಮಾತ್ರಕ್ಕೆ ಹಿಟ್ಟು ಸಿಗುವುದಿಲ್ಲ. ಬೈನೆ ಬದುಕಿನುದ್ದಕ್ಕೂ ಕಾಂಡದಲ್ಲಿ ಪಿಷ್ಟ ಕೂಡಿಡುತ್ತ ಹೋಗುತ್ತದೆ. ಕೊನೆಗೆ ತುದಿಯಿಂದ ಬುಡದ ಕಡೆಗೆ ಒಂದೊಂದೇ ಗೊನೆ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ ಸಾಯುತ್ತದೆ. ಆದ್ದರಿಂದ ಹೂ ಬಿಡುವ ಮುಂಚೆಯೇ ಮರ ಹಿಡಿಯಬೇಕು. ಗೊನೆ ಹಣ್ಣಾದ ಮರದೊಳಗೆ ಉಳಿಯುವುದು ಬರೀ ನಾರು. ಕಪ್ಪು ಸಿಪ್ಪೆ ಕೊಡಲಿಗೂ ಬಗ್ಗದಷ್ಟು ಗಟ್ಟಿ. ಅದನ್ನು ಸೀಳಿ ಒಳಗಿನ ತಿರುಳು ತೆಗೆದು, ಕುಟ್ಟಿ, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ನಾರು ಮೇಲುಳಿಯುತ್ತದೆ, ಕದಡಿದ ನೀರು ಕೆಳಗಿಳಿಯುತ್ತದೆ. ಅದು ತಿಳಿಯಾಗುವವರೆಗೆ ಪಾತ್ರೆ ಅಲುಗಾಡಬಾರದು. ತಿಳಿ ಬಸಿದು ಮತ್ತೆ ನೀರು ಹೊಯ್ದು, ಮತ್ತೆ ಕಾದರೆ ತಳದಲ್ಲಿ ಹಿಟ್ಟಿನ ಹೆಪ್ಪು. ಅದನ್ನು ಬಿಸಿಲಲ್ಲಿ ಒಣಗಿಸಿಟ್ಟರೆ ಕೆಡುವುದಿಲ್ಲ.

ಗಂಜಿ ಕಾಯಿಸುವುದು ಕೆಲವೇ ನಿಮಿಷದ ಕೆಲಸವಾದರೂ ಕಣ್ಣು ಬೇರೆಡೆ ಹೋಗಬಾರದು. ಹಿಟ್ಟನ್ನು ತಣ್ಣೀರಲ್ಲೇ ಕದಡಿಕೊಂಡು ಒಲೆಗಿಡಬೇಕು. ಬಿಸಿಯೇರುವವರೆಗೂ ಅದು ತೆಳ್ಳಗಿನ ಬಿಳಿ ನೀರು. ಆಮೇಲೆ ಇದ್ದಕ್ಕಿದ್ದಂತೆ ಸೌಟು ಭಾರವಾಗುತ್ತದೆ, ಬಿಳುಪು ಮಾಯವಾಗಿ ಗಂಜಿ ಗಾಜಿನ ಹಾಗೆ ಹೊಳೆಯತೊಡಗುತ್ತದೆ. ಆಗ ಕೈ ನಿಂತರೆ ಗಂಟು ಕಟ್ಟಿತೆಂದೇ ಲೆಕ್ಕ. ಉಪ್ಪಾಗಲಿ, ಬೆಲ್ಲವಾಗಲಿ, ಮನೆಯಲ್ಲಿ ಇದ್ದದ್ದು ಬಿದ್ದರಾಯಿತು.

ಇದನ್ನು ಬರಗಾಲದ ತಿನಿಸು ಎಂದು ಬದಿಗಿಡುವವರಿದ್ದಾರೆ. ಬರದ ಮಾತು ಸುಳ್ಳಲ್ಲ. 1876–78ರ ದೊಡ್ಡ ಬರ ಪಕ್ಕದ ಧಾರವಾಡ ಸೀಮೆಯನ್ನು ಹಿಂಡಿತ್ತು. ಆದರೆ ಕುಣಬಿಗಳ ಕಷ್ಟಕ್ಕೆ ಮಳೆಯೊಂದೇ ಕಾರಣವಲ್ಲ. ಅವರದು ಕುಮರಿ ಬೇಸಾಯ: ಕಾಡಿನ ಒಂದು ತುಂಡು ಸವರಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಕೆಲ ವರ್ಷಕ್ಕೆ ಬೇರೆಡೆಗೆ ಸರಿಯುವುದು. ತೇಗದ ಮೇಲೆ ಕಣ್ಣಿಟ್ಟ ಬ್ರಿಟಿಷ್ ಆಡಳಿತ ಹತ್ತೊಂಬತ್ತನೇ ಶತಮಾನದಲ್ಲಿ ಕುಮರಿಗೆ ಕಡಿವಾಣ ಹಾಕುತ್ತ ಬಂತು. ಧಾನ್ಯದ ನೆಲ ಕೈತಪ್ಪಿದವರಿಗೆ ಉಳಿದದ್ದು ಮರದ ತಿರುಳು ಮತ್ತು ಮಣ್ಣೊಳಗಿನ ಗೆಡ್ಡೆ. ಹೂವಿಗೆ ಮುಂಚಿನ ಮರ ಯಾವುದು, ಎಷ್ಟು ಸಲ ತೊಳೆಯಬೇಕು ಎಂಬುದು ಹಸಿವಾದ ದಿನ ಹೊಳೆಯುವ ಉಪಾಯವಲ್ಲ. ತಲೆಮಾರುಗಳು ಕಲಿತ ಕಸುಬು ಅದು, ಹಾಗೆಂದೇ ಅದನ್ನು ದಾಖಲಿಸಬೇಕು.

ಆ ಕಸುಬು ಮರೆಯಾಗಲು ಆಮೇಲಿನ ಬದಲಾವಣೆಗಳೂ ಕಾರಣ. ಇದೇ ಸೀಮೆಯ ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಹಳೆಯ ಸೂಪಾ ಊರು ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ನೆಲ ಕಳೆದುಕೊಂಡವರಲ್ಲಿ ಹಲವರು ರಾಮನಗರ ಸೇರಿದರು. ಬೈನೆ ಮರ ಜೊತೆಗೆ ಹೊತ್ತೊಯ್ಯುವ ಗಿಡವಲ್ಲ, ಬೆಳೆದು ತಿರುಳು ತುಂಬಲು ವರ್ಷಗಟ್ಟಲೆ ಬೇಕು. ಅಣಶಿ–ದಾಂಡೇಲಿಯ ಕಾಡು ಹುಲಿಗೆ ಮೀಸಲಾದ ಮೇಲೆ ಮರಕ್ಕೆ ಕೊಡಲಿ ಇಡುವಂತೆಯೂ ಇಲ್ಲ. ಪಡಿತರದ ಅಕ್ಕಿ ಬಂತು. ಹಿಟ್ಟಿನ ಹೆಪ್ಪು ಅಜ್ಜ-ಅಜ್ಜಿಯರ ನೆನಪಿಗೆ ಸರಿಯಿತು.

ಗೆಡ್ಡೆಗಳು ಮಾತ್ರ ಹಿತ್ತಿಲಲ್ಲಿ ಗಟ್ಟಿಯಾಗಿ ಉಳಿದಿವೆ. ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಕುಣಬಿ ಹೆಂಗಸರು ಮುಡ್ಲಿ, ಕೋನ್, ಕಣಗಾ, ಸುವರ್ಣಗೆಡ್ಡೆಗಳನ್ನು ಮಣ್ಣು ಕೊಡವಿ ಸಾಲಾಗಿ ಇಡುತ್ತಾರೆ. ಬೇಯಿಸಿದ ಗೆಣಸು ಬೆಳಗಿನ ಹೊಟ್ಟೆಗೆ ಗಂಜಿಯಷ್ಟೇ ಆಧಾರ.

ತಿರುಳು ತೊಳೆಯುವ ಆ ವಿದ್ಯೆ ಇನ್ನೊಂದು ಗಡ್ಡೆಯ ನೆಪದಲ್ಲಿ ಘಟ್ಟದ ಅಡುಗೆಮನೆಗಳಲ್ಲಿ ಜೀವಂತವಾಗಿದೆ. ಅದು ಕೂವೆ, ಅರಿಶಿನದ ನೆಂಟ. ಎಲೆ ಒಣಗಿದ ಮೇಲೆ ಗಡ್ಡೆ ಅಗೆದು, ತುರಿದು, ಸೋಸಿ, ನೀರು ಬದಲಿಸುತ್ತ ಹೋದರೆ ಕಂದು ಕೊಳೆ ಕಳೆದು ತಳ ಬೆಳ್ಳಗಾಗುತ್ತದೆ. ಬಟ್ಟೆಯ ಮೇಲೆ ಒಣಗಿದ ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿದರೆ ಕಿರ್ರೆನ್ನುತ್ತದೆ. ಹೊಟ್ಟೆ ಕೆಟ್ಟ ಮಗುವಿಗೆ, ಉಪವಾಸದ ದಿನ ಹಿರಿಯರಿಗೆ, ಡಬ್ಬಿಯಿಂದ ಒಂದೆರಡು ಚಮಚ ತೆಗೆದು ತಣ್ಣೀರಲ್ಲಿ ಕದಡಿ, ಈಗಲೂ ಒಲೆಯ ಮುಂದೆ ಕೈ ನಿಲ್ಲಿಸದೆ ತಿರುವುತ್ತಾರೆ.